ಪೆಪ್ಟೈಡ್ ಕ್ರೀಮ್: ಯಾವ ಗೆರೆಗೆ ಯಾವುದು, ನಾನು ಹಚ್ಚುವ ರೀತಿ

ಪೆಪ್ಟೈಡ್ ಕ್ರೀಮ್ ನಿಜಕ್ಕೂ ಕೆಲಸ ಮಾಡುತ್ತಾ ಅಂತ ಗೆಳತಿಯರು ಕೇಳುತ್ತಲೇ ಇರುತ್ತಾರೆ. ಮಾಡುತ್ತದೆ, ಆದರೆ ಎಲ್ಲ ಗೆರೆಗೂ ಅಲ್ಲ. ಯಾವ ಗೆರೆ ಯಾಕೆ ಬಂದಿದೆ ಅಂತ ಮೊದಲು ಕನ್ನಡಿ ಮುಂದೆ ನಿಂತು ನೋಡಿಕೊಳ್ಳಿ, ಆಮೇಲೆ ದುಡ್ಡು ಖರ್ಚು ಮಾಡಿ. ನನಗೆ ನಲವತ್ತು ದಾಟಿದೆ. ಕಣ್ಣಂಚಿನಲ್ಲಿ ಸಣ್ಣ ಗೆರೆ, ಹಣೆಯಲ್ಲಿ ಅಡ್ಡ ಗೆರೆ, ಮೂಗಿನ ಪಕ್ಕದಿಂದ ಬಾಯಿಯವರೆಗೆ ಇಳಿಯುವ ಮಡಿಕೆ, ಮೂರೂ ಇವೆ. ಮೂರಕ್ಕೂ ಕಾರಣ ಬೇರೆ ಬೇರೆ.

ಪೆಪ್ಟೈಡ್ ಅಂದರೆ ಅಮೈನೋ ಆಮ್ಲಗಳ ಪುಟ್ಟ ಸರಪಳಿ. ಸರಪಳಿ ಉದ್ದವಾದರೆ ಅದು ಪ್ರೋಟೀನ್. ಚರ್ಮವನ್ನು ಬಿಗಿಯಾಗಿ ಇಡುವ ಕೊಲಾಜನ್ ಕೂಡ ಪ್ರೋಟೀನೇ. ಹಾಗಿದ್ದರೆ ಕೊಲಾಜನ್ನನ್ನೇ ಹಚ್ಚಬಹುದಲ್ವಾ ಅನ್ನಿಸಬಹುದು. ಆಗಲ್ಲ. ಸುಮಾರು 500 ಡಾಲ್ಟನ್‌ಗಿಂತ (ಡಾಲ್ಟನ್ ಅಂದರೆ ಅಣುವಿನ ತೂಕ ಅಳೆಯುವ ಮಾನ) ದೊಡ್ಡ ಅಣುಗಳು ಚರ್ಮದ ಮೇಲ್ಪದರ ದಾಟುವುದು ಕಷ್ಟ, ಕೊಲಾಜನ್ ಅಣುವಿನ ತೂಕವೋ ಸುಮಾರು 3 ಲಕ್ಷ ಡಾಲ್ಟನ್. ಅದು ಮೇಲೆಯೇ ಕೂತು ತೇವ ಹಿಡಿದಿಡುತ್ತದೆ, ಅಷ್ಟೇ.

ಕಣ್ಣಂಚಿನ ಸಣ್ಣ ಗೆರೆಗೆ ನಾನು ರಾತ್ರಿ ಹಚ್ಚುವ ಕ್ರೀಮ್‌ನಲ್ಲಿ ಇರುವುದು ಪಾಮಿಟಾಯ್ಲ್ ಪೆಂಟಾಪೆಪ್ಟೈಡ್-4. ಮಾರುಕಟ್ಟೆಯಲ್ಲಿ ಇದಕ್ಕೆ ಮ್ಯಾಟ್ರಿಕ್ಸಿಲ್ ಅನ್ನುತ್ತಾರೆ. ಕೊಲಾಜನ್‌ನದೇ ಒಂದು ತುಣುಕಿನ ಐದು ಅಮೈನೋ ಆಮ್ಲಗಳು, ಅದಕ್ಕೆ ಒಂದು ಕೊಬ್ಬಿನ ಬಾಲ. ಆ ಬಾಲ ಇರುವುದರಿಂದಲೇ ಒಂದಿಷ್ಟು ಒಳಗೆ ಇಳಿಯುತ್ತದೆ. ಈ ತುಣುಕು ಸಿಕ್ಕಾಗ ಚರ್ಮದ ಜೀವಕೋಶಗಳು ಕೊಲಾಜನ್ ಒಡೆದಿದೆ ಅಂದುಕೊಂಡು ಹೊಸದನ್ನು ಕಟ್ಟಲು ಹೊರಡುತ್ತವೆ ಅನ್ನುವುದು ಇದರ ಹಿಂದಿನ ವಿಚಾರ. 2005ರಲ್ಲಿ ಒಂದು ಕಾಸ್ಮೆಟಿಕ್ ಕಂಪನಿಯ ವಿಜ್ಞಾನಿಗಳು 35ರಿಂದ 55 ವಯಸ್ಸಿನ 93 ಮಹಿಳೆಯರ ಮುಖದ ಅರ್ಧಕ್ಕೆ ಇದನ್ನೂ ಇನ್ನರ್ಧಕ್ಕೆ ಪೆಪ್ಟೈಡ್ ಇಲ್ಲದ ಕ್ರೀಮ್ ಅನ್ನೂ 12 ವಾರ ಹಚ್ಚಿಸಿ ನೋಡಿದರು. ಸಣ್ಣ ಗೆರೆಗಳಲ್ಲಿ ವ್ಯತ್ಯಾಸ ಕಂಡಿತು. ಅದು ಸಣ್ಣ ವ್ಯತ್ಯಾಸವೇ, ಆದರೆ ಇತ್ತು.

ಆ ಪರೀಕ್ಷೆಯಲ್ಲಿ ಇದ್ದ ಪ್ರಮಾಣ ಬರೀ 3 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ ಮೂರು ಭಾಗ. ಹಾಗಾಗಿ ಲೇಬಲ್‌ನಲ್ಲಿ ಪೆಪ್ಟೈಡ್ ಹೆಸರು ಕೊನೆಯಲ್ಲಿದೆ ಅಂತ ಕ್ರೀಮ್ ಅನ್ನು ವಾಪಸ್ ಇಡಬೇಡಿ. ಇಷ್ಟು ಕಡಿಮೆ ಪ್ರಮಾಣದ್ದು ಕೊನೆಯಲ್ಲೇ ಇರುತ್ತದೆ. ಬಾಟಲಿ ಮೇಲೆ ದೊಡ್ಡದಾಗಿ 10% ಅಂತ ಬರೆದಿದ್ದರೂ ಹಿಗ್ಗಬೇಡಿ, ಸಾಮಾನ್ಯವಾಗಿ ಅದು ಪೆಪ್ಟೈಡ್ ಕರಗಿಸಿದ ದ್ರಾವಣದ ಲೆಕ್ಕ, ಶುದ್ಧ ಪೆಪ್ಟೈಡ್‌ನದ್ದಲ್ಲ.

ಹಣೆಯ ಗೆರೆ ಸ್ನಾಯು ಎಳೆದು ಎಳೆದು ಬಂದದ್ದು. ಅದಕ್ಕೆ ಬೆಳಿಗ್ಗೆ ಆರ್ಜಿರೆಲಿನ್ ಸೀರಮ್, ಅಂದರೆ ಅಸಿಟೈಲ್ ಹೆಕ್ಸಾಪೆಪ್ಟೈಡ್-8. ಸ್ನಾಯುವನ್ನು ಸಡಿಲಗೊಳಿಸುವ ಬೊಟಾಕ್ಸ್ ಚುಚ್ಚುಮದ್ದು ನರದ ತುದಿಯಲ್ಲಿ ಒಂದು ಪ್ರೋಟೀನನ್ನು ಮುರಿಯುತ್ತದೆ, ಆ ಪ್ರೋಟೀನ್‌ನ ಒಂದು ತುದಿಯನ್ನು ಅನುಕರಿಸುವಂತೆ ಇದನ್ನು ಮಾಡಿದ್ದಾರೆ. ಹಾಗಂತ ಸೂಜಿಯ ಬೊಟಾಕ್ಸ್‌ನಷ್ಟು ಫಲ ಇದರಿಂದ ಸಿಗಲ್ಲ. ನನ್ನ ಹಣೆಯಲ್ಲಿ ತೆಳು ಗೆರೆ ಸ್ವಲ್ಪ ಮೃದುವಾಗಿದೆ, ಆಳದ್ದು ಹಾಗೇ ಇದೆ.

ಹಚ್ಚುವ ಕ್ರಮ ಸರಳ. ಹೊಸ ಕ್ರೀಮ್ ತಂದಾಗ ಮೊದಲು ಕೆಲವು ದಿನ ಕಿವಿಯ ಹಿಂದೆ ಹಚ್ಚಿ, ತುರಿಕೆ, ಉರಿ ಬರುತ್ತಾ ನೋಡುತ್ತೇನೆ. ಆಮೇಲೆ ದಿನಾ ಮುಖ ತೊಳೆದು, ಚರ್ಮ ಇನ್ನೂ ಒಂಚೂರು ಒದ್ದೆ ಇರುವಾಗಲೇ ತೆಳು ಸೀರಮ್, ಅದರ ಮೇಲೆ ಕ್ರೀಮ್. ಕಣ್ಣಿನ ಸುತ್ತ ಉಂಗುರ ಬೆರಳಿನಿಂದ ತಟ್ಟುತ್ತೇನೆ, ಎಳೆದು ಉಜ್ಜುವುದಿಲ್ಲ. ಕುತ್ತಿಗೆಯನ್ನು ಮರೆಯಬೇಡಿ, ವಯಸ್ಸು ಅಲ್ಲೂ ಕಾಣುತ್ತೆ. ರೆಟಿನಾಲ್ (ವಿಟಮಿನ್ ಎ ಗುಂಪಿನದು, ಈ ಗುಂಪಿಗೇ ರೆಟಿನಾಯ್ಡ್ ಅನ್ನುತ್ತಾರೆ) ಹಚ್ಚಿದರೆ ಚರ್ಮ ಸುಲಿಯುತ್ತೆ ಅನ್ನುವವರಿಗೆ ಪೆಪ್ಟೈಡ್ ಒಳ್ಳೆಯ ದಾರಿ, ಯಾಕಂದರೆ ಉರಿ ಕಡಿಮೆ. ಆದರೆ ಗೆರೆ ಕಡಿಮೆ ಮಾಡುವುದಕ್ಕೆ ಜಾಸ್ತಿ ಪುರಾವೆ ಇರುವುದು ರೆಟಿನಾಯ್ಡ್‌ಗಳಿಗೇ, ಅದನ್ನು ಮುಚ್ಚಿಡಬಾರದು. ಗರ್ಭಿಣಿಯರು ಮಾತ್ರ ರೆಟಿನಾಯ್ಡ್ ಮುಟ್ಟಬಾರದು.

ಇದೆಲ್ಲಕ್ಕಿಂತ ನಾನು ಹಠ ಹಿಡಿಯುವುದು ಸನ್‌ಸ್ಕ್ರೀನ್ ವಿಷಯದಲ್ಲಿ. ಕೊಲಾಜನ್ ಮುರಿಯುವ, ಬಿಸಿಲಿನಲ್ಲಿರುವ ಯುವಿಎ ಕಿರಣ ಕಿಟಕಿ ಗಾಜನ್ನೂ ದಾಟಿ ಬರುತ್ತದೆ. ಸ್ಕೂಟರ್ ಓಡಿಸುವವರು, ಬಸ್ಸಿನ ಕಿಟಕಿ ಪಕ್ಕ ಕೂರುವವರು ಸಾವಿರಾರು ರೂಪಾಯಿಯ ಪೆಪ್ಟೈಡ್ ಹಚ್ಚಿ ಸನ್‌ಸ್ಕ್ರೀನ್ ಬಿಟ್ಟರೆ ಸುಮ್ನೆ ದುಡ್ಡು ದಂಡ. ಎಸ್‌ಪಿಎಫ್ 50, ಎರಡು ಬೆರಳಿನ ಉದ್ದದಷ್ಟು, ಬಿಸಿಲಲ್ಲಿ ಓಡಾಡುವುದಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ.

ಫಲ ನೋಡುವುದಕ್ಕೂ ಒಂದು ರೀತಿ ಇದೆ. ಯಾವ ಕ್ರೀಮ್ ಹಚ್ಚಿದರೂ ತೇವಕ್ಕೆ ಚರ್ಮ ಉಬ್ಬಿ ಸಣ್ಣ ಗೆರೆ ತಾತ್ಕಾಲಿಕವಾಗಿ ಕಡಿಮೆ ಕಾಣುತ್ತದೆ. ಅದಕ್ಕೇ ನಾನು ಬೆಳಿಗ್ಗೆ ಮುಖ ತೊಳೆದು, ಏನೂ ಹಚ್ಚದೆ, ಅದೇ ಕಿಟಕಿಯ ಬೆಳಕಿನಲ್ಲಿ, ನಗದೆ ಫೋಟೋ ತೆಗೆಯುತ್ತೇನೆ. ಮೊದಲ ತಿಂಗಳು ಏನೂ ಕಾಣಲಿಲ್ಲ. ಮೂರು ತಿಂಗಳ ಹೊತ್ತಿಗೆ ಕಣ್ಣಂಚಿನ ಗೆರೆ ತೆಳುವಾಗಿದ್ದು ಸ್ಪಷ್ಟವಾಗಿ ಕಂಡಿತು, ನನಗೆ ತುಂಬಾ ಖುಷಿಯಾಯಿತು. ಮೂಗಿನ ಪಕ್ಕದ ಮಡಿಕೆ ಒಂದಿಷ್ಟೂ ಬದಲಾಗಿಲ್ಲ. ಕೆನ್ನೆಯ ಕೊಬ್ಬು ಕರಗಿ, ಜಾರಿ ಬಂದ ಮಡಿಕೆ ಅದು, ಕ್ರೀಮ್ ಅಲ್ಲಿಗೆ ತಲುಪುವುದಿಲ್ಲ. ಅದು ಬೇಡವೇ ಬೇಡ ಅನ್ನಿಸಿದರೆ ಚರ್ಮದ ಡಾಕ್ಟರ ಹತ್ತಿರ ಹೋಗಿ, ಇನ್ನೊಂದು ದುಬಾರಿ ಡಬ್ಬಿ ಕೊಳ್ಳಬೇಡಿ.