ಇಪ್ಪತ್ತನೇ ತಾರೀಖಿನ ನಂತರವೂ ತೆರೆಯಬಹುದಾದ ಲೆಕ್ಕದ ಪುಸ್ತಕ

ಬೆಂಗಳೂರಿನ ಒಂದು ಆನ್‌ಲೈನ್ ಮಾರಾಟ ಸಂಸ್ಥೆಯಲ್ಲಿ ಆರು ವರ್ಷ ನಾನು ಮಾಡಿದ ಕೆಲಸವೆಂದರೆ ಗ್ರಾಹಕರ ಬೆರಳಿಗೂ ಹಣ ಪಾವತಿಗೂ ನಡುವಿನ ಹಂತಗಳನ್ನು ಕಡಿಮೆ ಮಾಡುವುದು. ನಾಲ್ಕು ಪರದೆಗಳಿದ್ದಲ್ಲಿ ಎರಡು, ಎರಡಿದ್ದಲ್ಲಿ ಒಂದು. ಆ ಕೆಲಸದಲ್ಲಿ ನನಗೆ ಒಳ್ಳೆಯ ಹೆಸರೂ ಇತ್ತು. ಅದೇ ದಿನಗಳಲ್ಲಿ ನನ್ನ ಕ್ರೆಡಿಟ್ ಕಾರ್ಡಿನ ಬಾಕಿ ಬೆಳೆಯುತ್ತಿತ್ತು. ಬ್ಯಾಂಕಿನ ಸಂದೇಶ ಬಂದರೆ ಓದದೆಯೇ ಪಕ್ಕಕ್ಕೆ ಸರಿಸುತ್ತಿದ್ದೆ. ತಿಂಗಳ ಕೊನೆಯ ಹತ್ತು ದಿನ ನೆಟ್ಟಗೆ ನಿದ್ದೆ ಬರುತ್ತಿರಲಿಲ್ಲ. 2021ರಲ್ಲಿ ಕೆಲಸ ಬಿಟ್ಟು, ಪ್ರೋಗ್ರಾಮರ್ ಗೆಳೆಯನೊಬ್ಬನ ಜೊತೆ ಖರ್ಚಿನ ಲೆಕ್ಕದ ಆ್ಯಪ್ ಮಾಡಲು ಕೂತಾಗ ನನಗಿದ್ದ ಅರ್ಹತೆ ಇಷ್ಟೇ.

ಮೊದಲ ಆವೃತ್ತಿ ನೋಡಲು ಚೆನ್ನಾಗಿತ್ತು. ವೃತ್ತಾಕಾರದ ನಕ್ಷೆ, ಬಾಡಿಗೆ-ದಿನಸಿ-ಓಡಾಟಕ್ಕೆ ಒಂದೊಂದು ಬಣ್ಣ, ಮಿತಿ ಮೀರಿದೊಡನೆ ಕೆಂಪಾಗುವ ಅಂಕಿ, ಅದರ ಕೆಳಗೆ ‘ಬಜೆಟ್ ಉಲ್ಲಂಘನೆ’ ಎಂಬ ಪಟ್ಟಿ. ಪರಿಚಯದವರಲ್ಲಿ ಹನ್ನೆರಡು ಜನರಿಗೆ ಬಳಸಲು ಕೊಟ್ಟೆವು: ಒಬ್ಬ ನರ್ಸ್, ಒಬ್ಬ ಅತಿಥಿ ಉಪನ್ಯಾಸಕ, ಪಿ.ಜಿ.ಯಲ್ಲಿದ್ದ ಇಬ್ಬರು ಸಾಫ್ಟ್‌ವೇರ್ ನೌಕರರು, ಊಟ ತಲುಪಿಸುವ ಹುಡುಗ, ಮೂವರು ಗೃಹಿಣಿಯರು, ಹೀಗೆ. ತಿಂಗಳ ಮೊದಲ ವಾರ ಎಲ್ಲರೂ ದಿನಕ್ಕೆರಡು ಬಾರಿ ತೆರೆದು ನೋಡಿದರು. ಇಪ್ಪತ್ತನೇ ತಾರೀಖು ದಾಟುವ ಹೊತ್ತಿಗೆ ತೆರೆಯುತ್ತಿದ್ದವರು ಉಪನ್ಯಾಸಕರೊಬ್ಬರೇ, ಅದೂ ನನ್ನ ಮುಖ ನೋಡಿ. ಮಾರುಕಟ್ಟೆ ಬಿದ್ದಾಗ ಹೂಡಿಕೆದಾರರು ತಮ್ಮ ಖಾತೆಯನ್ನು ನೋಡುವುದನ್ನೇ ಕಡಿಮೆ ಮಾಡುತ್ತಾರೆಂದು ಕಾರ್ಲ್‌ಸನ್, ಲೋವನ್‌ಸ್ಟೈನ್ ಮತ್ತು ಸೆಪ್ಪಿ 2009ರ ಪ್ರಬಂಧದಲ್ಲಿ ತೋರಿಸಿ, ಆ ನಡವಳಿಕೆಯನ್ನು ಉಷ್ಟ್ರಪಕ್ಷಿಯ ಹೆಸರಿನಿಂದ ಕರೆದಿದ್ದಾರೆ. ಅದನ್ನು ನಾನು ಓದಿದ್ದೆ. ಬ್ಯಾಂಕಿನ ಸಂದೇಶವನ್ನು ಸರಿಸುವಾಗ ಸ್ವತಃ ಮಾಡಿಯೂ ಇದ್ದೆ. ಆದರೂ ಕೆಂಪು ಅಂಕಿಯನ್ನು ಬಿಡಿಸುವಾಗ ಅದು ನೆನಪಿಗೆ ಬರಲಿಲ್ಲ. ಅಂದಿನಿಂದ ಪ್ರತಿಯೊಂದು ಪರದೆಗೂ ನಾವು ಒಂದೇ ಪರೀಕ್ಷೆ ಇಟ್ಟೆವು: ತಿಂಗಳು ಕೆಟ್ಟುಹೋದ ಮೇಲೆ, ಇಪ್ಪತ್ತೆರಡನೇ ತಾರೀಖಿನ ರಾತ್ರಿ, ಇದನ್ನು ತೆರೆಯಲು ಮನಸ್ಸಾಗುತ್ತದೆಯೇ?

ಈ ಪರೀಕ್ಷೆಯಲ್ಲಿ ಮೊದಲು ಬಿದ್ದದ್ದು ನಮ್ಮ ಭಾಷೆ. ‘ಉಲ್ಲಂಘನೆ’ ಎಂಬ ಪದವನ್ನು ಓದಿದ ನರ್ಸ್ ಇದು ಟ್ರಾಫಿಕ್ ಪೊಲೀಸರ ನೋಟಿಸಿನಂತಿದೆ ಎಂದರು. ವಾರಾಂತ್ಯದ ಸೂಚನೆಯಲ್ಲಿ ನಾನು ಬಹಳ ಜಾಣತನವೆಂದುಕೊಂಡು ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದು ಬರೆದಿದ್ದೆ. ಪಿ.ಜಿ. ಹುಡುಗರಲ್ಲೊಬ್ಬ ಅದನ್ನು ತೋರಿಸಿ, ‘ಇದನ್ನು ನಮ್ಮಪ್ಪ ಪ್ರತಿ ಭಾನುವಾರ ಹೇಳ್ತಾರೆ, ಇನ್ನು ಫೋನೂ ಹೇಳಬೇಕಾ?’ ಎಂದು ಕೇಳಿದ. ಹಣದ ವಿಷಯದಲ್ಲಿ ನಮ್ಮ ಕನ್ನಡದ ಸಿದ್ಧ ಮಾತುಗಳಲ್ಲಿ ಬುದ್ಧಿವಾದವೇ ಹೆಚ್ಚು. ‘ದುಂದು’ ಎಂದೊಡನೆ ಬೈಗುಳದ ದನಿ ತಾನಾಗಿ ಬರುತ್ತದೆ. ಆದ್ದರಿಂದ ಗಾದೆಗಳನ್ನೂ ಶೇಕಡಾವಾರನ್ನೂ ತೆಗೆದುಹಾಕಿ, ಇರುವುದನ್ನು ಇರುವಂತೆ ಹೇಳುವ ವಾಕ್ಯಗಳನ್ನು ಬರೆದೆವು: ‘ಸಂಬಳಕ್ಕೆ ಇನ್ನೂ 9 ದಿನವಿದೆ. ಕೈಯಲ್ಲಿ 2,300 ರೂಪಾಯಿ ಇದೆ. ಈ ನಡುವೆ ಕಟ್ಟಲೇಬೇಕಾದದ್ದು ಕರೆಂಟ್ ಬಿಲ್ಲೊಂದೇ.’ ಮೂರನೆಯ ವಾಕ್ಯವನ್ನು ಸೇರಿಸಿದ ಮೇಲೆ ತೆರೆಯುವವರು ಹೆಚ್ಚಾದರು. ಏನೇನು ಕಾದಿದೆಯೋ ಎಂಬ ಅಂದಾಜಿಲ್ಲದ ಭಯಕ್ಕೆ ಅದು ಒಂದು ಅಂಚು ಹಾಕುತ್ತಿತ್ತು ಎಂದು ನನ್ನ ಲೆಕ್ಕ.

ಮುಂದಿನ ತೊಡಕು ಖರ್ಚು ತಾನಾಗಿ ದಾಖಲಾಗಬೇಕೋ, ಬಳಸುವವರೇ ಬರೆಯಬೇಕೋ ಎಂಬುದು. ಬ್ಯಾಂಕಿನ ಎಸ್ಸೆಮ್ಮೆಸ್ ಓದಿ ವರ್ಗೀಕರಿಸುವುದು ತಾಂತ್ರಿಕವಾಗಿ ಸುಲಭ; ಗೂಗಲ್ ಪ್ಲೇ 2019ರಿಂದ ಎಸ್ಸೆಮ್ಮೆಸ್ ಅನುಮತಿಯನ್ನು ಬಿಗಿ ಮಾಡಿದ್ದರೂ ಹಣದ ಲೆಕ್ಕದ ಆ್ಯಪ್‌ಗಳಿಗೆ ಅರ್ಜಿ ಹಾಕಿಕೊಂಡು ವಿನಾಯಿತಿ ಪಡೆಯುವ ದಾರಿಯಿದೆ. ಆದರೆ ಯುಪಿಐ ಸಂದೇಶದಲ್ಲಿ ಅಂಗಡಿಯ ಹೆಸರು ಇರುವುದೇ ಅಪರೂಪ. ನಮ್ಮ ಬೀದಿಯ ಎಳನೀರಿನವರಿಗೆ ಹಣ ಹಾಕಿದರೆ ಬರುವುದು ಅವರ ಮಗನ ಹೆಸರು, ಹೂವಿನವರಿಗೆ ಹಾಕಿದರೆ ಅವರ ಅಳಿಯನದು. ಪರಿಣಾಮವಾಗಿ ಎಲ್ಲರ ಲೆಕ್ಕದಲ್ಲೂ ಅತಿದೊಡ್ಡ ವರ್ಗ ‘ಇತರೆ’ ಆಯಿತು. ಇನ್ನೊಂದು ಕಡೆ, ಎಲ್ಲವೂ ತಾನಾಗಿ ದಾಖಲಾದಾಗ ಜನ ಯಾವುದನ್ನೂ ಗಮನಿಸುತ್ತಿರಲಿಲ್ಲ. ಹಣ ಕೊಡುವಾಗಿನ ಸಣ್ಣ ನೋವನ್ನು ಪ್ರೆಲೆಕ್ ಮತ್ತು ಲೋವನ್‌ಸ್ಟೈನ್ 1998ರಲ್ಲೇ ವಿವರಿಸಿದ್ದರು. ನಮ್ಮಲ್ಲಿ 2016ರಲ್ಲಿ ಯುಪಿಐ ಬಂದು ನೋಟು ಎಣಿಸುವುದು ತಪ್ಪಿತು. 2022ರಲ್ಲಿ ಯುಪಿಐ ಲೈಟ್ ಬಂದ ಮೇಲೆ ಸಣ್ಣ ಮೊತ್ತಕ್ಕೆ ಪಿನ್ ಒತ್ತುವುದೂ ತಪ್ಪಿ, ಆ ನೋವು ಬಹುಮಟ್ಟಿಗೆ ಮಾಯವಾಗಿದೆ.

ದಾರಿ ತೋರಿದ್ದು ಅಮ್ಮನ ಅಡುಗೆಮನೆಯ ಕ್ಯಾಲೆಂಡರ್. ಹಾಲು ಹೆಚ್ಚು ತಗೊಂಡ ದಿನ ‘+1/2’, ಸಿಲಿಂಡರ್ ಹಚ್ಚಿದ ದಿನ ಒಂದು ಸುತ್ತು, ಅಕ್ಕನ ಮನೆಗೆ ಹೋದ ದಿನ ‘ಇಲ್ಲ’. ಒಂದು ಚೌಕ, ಒಂದು ಪದ. 1904ರಲ್ಲಿ ಜಪಾನಿನ ಪತ್ರಕರ್ತೆ ಹಾನಿ ಮೊತೊಕೊ ರೂಪಿಸಿದ ಕಕೆಯ್ಬೊ ಎಂಬ ಮನೆಲೆಕ್ಕದ ಪುಸ್ತಕವೂ ಕೈಯಾರೆ ಬರೆಯುವುದನ್ನೇ ನೆಚ್ಚಿಕೊಂಡಿದೆ. ಕೊನೆಗೆ ಮೊತ್ತವನ್ನು ಆ್ಯಪ್ ತಾನೇ ಹಿಡಿಯುವಂತೆ, ಪದವನ್ನು ಮಾತ್ರ ಬಳಸುವವರೇ ಬರೆಯುವಂತೆ ಮಾಡಿದೆವು. ಪಟ್ಟಿಯಿಂದ ಆರಿಸುವ ವರ್ಗಗಳಿಲ್ಲದ ಕಾರಣ ನಮ್ಮ ಕಲ್ಪನೆಗೇ ಬಾರದ ಪದಗಳು ಬಂದವು: ಮುಯ್ಯಿ, ಚೀಟಿ, ಕೈಗಡ, ಊರಿಗೆ, ಹರಕೆ. ಇವು ಯಾವುವೂ ‘ಖರ್ಚು’ ಎಂಬ ಖಾನೆಯಲ್ಲಿ ಸರಿಯಾಗಿ ಕೂರುವುದಿಲ್ಲ. ಮುಯ್ಯಿ ಒಂದು ದಿನ ತಿರುಗಿ ಬರುತ್ತದೆ. ಚೀಟಿಯನ್ನು ಎತ್ತುವವರೆಗೆ ಅದು ಉಳಿತಾಯ, ಎತ್ತಿದ ಮೇಲೆ ಸಾಲ. ಇವಕ್ಕಾಗಿ ‘ಬರಬೇಕಾದದ್ದು, ಕೊಡಬೇಕಾದದ್ದು’ ಎಂಬ ಬೇರೆ ಪುಟವನ್ನೇ ತೆರೆಯಬೇಕಾಯಿತು.

‘ಅಗತ್ಯ’ ಮತ್ತು ‘ಆಸೆ’ ಎಂಬ ಎರಡು ಗುಂಡಿಗಳನ್ನೂ ಇಟ್ಟಿದ್ದೆವು. ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಏಳಕ್ಕೆ ನರ್ಸ್ ತಿಂದ 160 ರೂಪಾಯಿಯ ದೊನ್ನೆ ಬಿರಿಯಾನಿ ಯಾವುದು? ಅವರು ಎರಡೂ ಗುಂಡಿ ಒತ್ತಲಾಗದೆ ಆ್ಯಪ್ ಮುಚ್ಚಿದರಂತೆ. ಆ ಗುಂಡಿಗಳ ಜಾಗದಲ್ಲಿ ಈಗ ಏನೂ ಇಲ್ಲ. ಬದಲಿಗೆ ಮೂರು ದಿನದ ನಂತರ, ಅವರಾಗಿಯೇ ಆ್ಯಪ್ ತೆರೆದಾಗ, ಒಂದೇ ಒಂದು ಖರ್ಚನ್ನು ಮುಂದಿಟ್ಟು ‘ಇದು ಈಗ ಹೇಗನ್ನಿಸುತ್ತದೆ?’ ಎಂದು ಕೇಳುತ್ತೇವೆ. ಉತ್ತರಗಳು ಮೂರು: ಸಾರ್ಥಕ, ಪರವಾಗಿಲ್ಲ, ಬೇಡವಿತ್ತು. ಆ ಬಿರಿಯಾನಿಗೆ ಬಂದ ಉತ್ತರ ಸಾರ್ಥಕ. ಅದೇ ವಾರ ರಿಯಾಯಿತಿ ಮುಗಿಯುವ ಗಡಿಯಾರ ನೋಡಿ ಕೊಂಡ 1,899 ರೂಪಾಯಿಯ ಬ್ಯಾಗಿಗೆ, ಬೇಡವಿತ್ತು. ಅಂಥ ಹುಸಿ ಅವಸರವನ್ನು 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿ ವಂಚನೆಯ ವಿನ್ಯಾಸಗಳ ಪಟ್ಟಿಗೆ ಸೇರಿಸಿದೆ. ಹಿಂದೆ ನಾನೂ ಅಂಥ ಗಡಿಯಾರಗಳನ್ನು ಬಿಡಿಸಿದ್ದೆ ಎಂಬುದನ್ನು ಇಲ್ಲಿ ಮುಚ್ಚಿಡಲಾರೆ.

ಮಾನಸಿಕ ಆರೋಗ್ಯದ ಭಾಗದಲ್ಲಿ ನಾನು ಅತಿ ಹೆಚ್ಚು ಎಡವಿದೆ. ದಿನದ ಮನಸ್ಥಿತಿಗೆ ಒಂದು ಮುಖಚಿತ್ರ ಆರಿಸುವುದು, ತಿಂಗಳ ಕೊನೆಗೆ ‘ಬೇಸರವಾದ ದಿನ ನೀವು ಇಷ್ಟು ಹೆಚ್ಚು ಖರ್ಚು ಮಾಡಿದ್ದೀರಿ’ ಎಂಬ ನಕ್ಷೆ ತೋರಿಸುವುದು ನನ್ನ ಮೆಚ್ಚಿನ ಯೋಜನೆಯಾಗಿತ್ತು. ಸಲಹೆ ಕೇಳಿದ ಮನಃಶಾಸ್ತ್ರಜ್ಞೆಯೊಬ್ಬರು ಎರಡು ಆಕ್ಷೇಪ ಎತ್ತಿದರು. ಇಪ್ಪತ್ತು-ಮೂವತ್ತು ದಾಖಲೆಗಳಿಂದ ಒಬ್ಬರ ಮನಸ್ಸಿನ ಬಗ್ಗೆ ತೀರ್ಮಾನ ಹೇಳುವುದು ತಪ್ಪು. ಜೊತೆಗೆ, ಬೈಪೋಲಾರ್ ಕಾಯಿಲೆಯ ಉನ್ಮಾದದ ಹಂತದಲ್ಲಿ ಲಂಗುಲಗಾಮಿಲ್ಲದ ಖರ್ಚು ಒಂದು ಲಕ್ಷಣವೇ ಆಗಿರುವಾಗ, ಆ ವ್ಯಕ್ತಿ ‘ಬಹಳ ಖುಷಿ’ ಎಂಬ ಮುಖ ಆರಿಸಿರುತ್ತಾರೆ ಮತ್ತು ನಿಮ್ಮ ನಕ್ಷೆ ಅದನ್ನು ಹೊಗಳುತ್ತದೆ. ನಕ್ಷೆಯನ್ನು ಅಂದೇ ಕೈಬಿಟ್ಟೆವು. ಸತತ ದಿನಗಳನ್ನು ಎಣಿಸಿ ಪದಕ ಕೊಡುವುದನ್ನೂ ಬಿಟ್ಟೆವು, ಏಕೆಂದರೆ ಒಂದು ದಿನ ತಪ್ಪಿದವರು ಮರುದಿನ ಬರಲು ಹಿಂಜರಿಯುತ್ತಿದ್ದರು. ಉಳಿದದ್ದು ಸಾಲದ ಪುಟದ ಕೆಳಗಿನ ಒಂದು ಸಾಲು: ‘ಯಾರ ಜೊತೆಗಾದರೂ ಮಾತನಾಡಬೇಕೆನಿಸಿದರೆ, ಟೆಲಿ-ಮಾನಸ್ 14416.’ 2022ರ ಅಕ್ಟೋಬರ್ 10ರಂದು ಆರಂಭವಾದ ಈ ಉಚಿತ ಸಹಾಯವಾಣಿಗೆ ನಿಮ್ಹಾನ್ಸ್ ಮುಖ್ಯ ಕೇಂದ್ರ. ದಿನದ ಯಾವ ಹೊತ್ತಿನಲ್ಲೂ ಕನ್ನಡದಲ್ಲಿ ಮಾತನಾಡಬಹುದು. ಸಾಲದ ಮೊತ್ತ ನೋಡಿ ಆ ಸಂಖ್ಯೆಯನ್ನು ತಾನಾಗಿ ಮುಂದೆ ತಳ್ಳುವ ಯೋಚನೆಯೂ ಬಂದಿತ್ತು. ಸಾಲ ಹೆಚ್ಚಾದ ಕೂಡಲೇ ಫೋನು ನಿಮ್ಮನ್ನು ರೋಗಿಯಂತೆ ಕಾಣಬಾರದು ಎಂದು ಬೇಡವೆಂದೆವು.

ನನ್ನದೇ ತಪ್ಪಿನಿಂದ ಆದ ಒಂದು ಘಟನೆ ಇನ್ನೂ ಮುಳ್ಳಿನಂತಿದೆ. ‘ಈ ವಾರ ಸಾಲದ ಕಂತಿಗೆ 4,150 ರೂಪಾಯಿ ಹೋಗಿದೆ’ ಎಂಬ ಸೂಚನೆ ಮಧ್ಯಾಹ್ನ ಒಂದೂವರೆಗೆ ಹೋಗುವಂತೆ ಇಟ್ಟಿದ್ದೆ, ಬಿಡುವಿನ ಹೊತ್ತೆಂದು. ಒಬ್ಬರ ಫೋನು ಸಹೋದ್ಯೋಗಿಗಳ ನಡುವೆ ಊಟದ ಮೇಜಿನ ಮೇಲಿತ್ತು. ಬೀಗ ಹಾಕಿದ ಪರದೆಯ ಮೇಲೆ ಮೊತ್ತ ಎಲ್ಲರಿಗೂ ಕಂಡಿತು. ಅವರು ಆ್ಯಪನ್ನು ಅಳಿಸಿ, ನನಗೆ ಒಂದು ಸಾಲಿನ ಸಂದೇಶ ಕಳಿಸಿದರು. ಅದನ್ನು ಇಲ್ಲಿ ಬರೆಯಲಾರೆ. ಈಗ ಸೂಚನೆಗಳಲ್ಲಿ ಅಂಕಿಯೇ ಇರುವುದಿಲ್ಲ, ಬರೆದ ಪದಗಳು ಫೋನಿನಿಂದ ಹೊರಗೆ ಹೋಗುವುದಿಲ್ಲ, ಸಂಪರ್ಕಪಟ್ಟಿಯ ಅನುಮತಿ ಕೇಳುವುದಿಲ್ಲ. ಸಾಲದ ಆ್ಯಪ್‌ಗಳ ವಸೂಲಿದಾರರಿಂದ ನೆಂಟರಿಗೆಲ್ಲ ಕರೆ ಹೋದ ಅನುಭವ ಇರುವವರಿಗೆ ಆ ಅನುಮತಿಯ ಪೆಟ್ಟಿಗೆ ಕಂಡರೇ ಎದೆ ಹೊಡೆದುಕೊಳ್ಳುತ್ತದೆ. ಗೃಹಿಣಿಯರು ಕೇಳಿದ್ದು ಇನ್ನೊಂದು: ಮನೆಯವರು ಫೋನು ನೋಡಿದರೂ ಕಾಣದ ಒಂದು ಮೂಲೆ. ಅದಕ್ಕೆ ನಾವಿಟ್ಟ ಹೆಸರು ‘ಸಾಸಿವೆ ಡಬ್ಬಿ’. ಯಾರಿಗೂ ವಿವರಿಸಬೇಕಾಗಲಿಲ್ಲ.

ಬಹಳ ದಿನ ಬಿಟ್ಟು ಬಂದವರಿಗೆ ಮೊದಲು ‘ನೀವು 11 ದಿನ ದಾಖಲಿಸಿಲ್ಲ’ ಎಂದು ತೋರಿಸುತ್ತಿದ್ದೆವು. ಈಗ ಆ ಹನ್ನೊಂದು ಚೌಕಗಳು ಅಮ್ಮನ ಕ್ಯಾಲೆಂಡರಿನಲ್ಲಿದ್ದಂತೆ ಖಾಲಿಯಾಗಿ ಉಳಿಯುತ್ತವೆ. ಕರ್ಸರ್ ಇವತ್ತಿನ ಚೌಕದಲ್ಲಿ ಕಾದಿರುತ್ತದೆ. ಬಾಕಿ ಉಳಿದ ಕೆಲಸ ದೊಡ್ಡದು: ನಮ್ಮ ಇಡೀ ವಿನ್ಯಾಸ ತಿಂಗಳ ಸಂಬಳವನ್ನು ನಂಬಿ ನಿಂತಿದೆ, ಆದರೆ ಊಟ ತಲುಪಿಸುವ ಹುಡುಗನಿಗೆ ಹಣ ವಾರಕ್ಕೊಮ್ಮೆ ಬರುತ್ತದೆ, ಅವನ ಗಾರೆ ಕೆಲಸದ ಅಣ್ಣನಿಗೆ ಶನಿವಾರದ ಬಟವಾಡೆ. ಅವರ ಇಪ್ಪತ್ತೆರಡನೇ ತಾರೀಖು ಪ್ರತಿ ಗುರುವಾರ ಬರುತ್ತದೆ. ಅದಕ್ಕಾಗಿ ಬಿಡಿಸಿದ ಏಳು ಚೌಕಗಳ ಕಾಗದ ಸದ್ಯಕ್ಕೆ ನನ್ನ ಮೇಜಿನ ಎದುರಿನ ಗೋಡೆಯ ಮೇಲಿದೆ, ಶುಕ್ರವಾರದ ಚೌಕದಲ್ಲಿ ಏನು ಬರೆಯಬೇಕೆಂದು ಇನ್ನೂ ತೀರ್ಮಾನವಾಗಿಲ್ಲ.