ಕ್ಲಾಸ್ ಬೇಕಾ, ಮಾಡ್ಯೂಲ್ ಸಾಕಾ? ಮೊದಲು ಹಾಳೆ ಮೇಲೆ ನೋಡಿ

ಊರಿನ ಹಾಲಿನ ಡೇರಿಗೆ ಒಂದು ಪ್ರೋಗ್ರಾಂ ಬರೆಯಬೇಕು ಅಂದುಕೊಳ್ಳಿ. ಸದಸ್ಯರು ಬೆಳಿಗ್ಗೆ, ಸಂಜೆ ಹಾಲು ಹಾಕುತ್ತಾರೆ, ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನಾಂಶ) ನೋಡಿ ದರ ಕಟ್ಟಬೇಕು, ಆಮೇಲೆ ಬಟವಾಡೆ. ಕೀಬೋರ್ಡ್ ಮುಟ್ಟಬೇಡಿ, ಪೆನ್ಸಿಲ್ ತಗೊಳ್ಳಿ.

ಓದುವುದಕ್ಕೊಂದು ಭಾಗ, ಲೆಕ್ಕಕ್ಕೊಂದು, ಪ್ರಿಂಟಿಗೊಂದು ಅಂತ ತಾನೇ ಮೊದಲು ಹೊಳೆಯುವುದು? ಹಾಗೆ ಒಡೆಯಬೇಡಿ. ಆಗ ಡೇಟಾ ಹೇಗೆ ಇಟ್ಟಿದ್ದೀವಿ ಅನ್ನೋದು ಎಲ್ಲ ಭಾಗಕ್ಕೂ ಗೊತ್ತಿರಬೇಕಾಗುತ್ತದೆ, ಅದೊಂದು ಬದಲಾದರೆ ಎಲ್ಲವನ್ನೂ ತಿದ್ದಬೇಕು. ಸಾಫ್ಟ್‌ವೇರ್ ಸಂಶೋಧಕ ಡೇವಿಡ್ ಪಾರ್ನಸ್ 1972ರಲ್ಲೇ ಇದನ್ನು ತೋರಿಸಿದ್ದರು. ಬದಲಾಗಬಹುದಾದ ಒಂದೊಂದು ತೀರ್ಮಾನವನ್ನೂ ಒಂದೊಂದು ಮಾಡ್ಯೂಲ್ (ಪ್ರೋಗ್ರಾಂನ ಬಿಡಿ ಭಾಗ) ಒಳಗೆ ಬಚ್ಚಿಡಿ ಅನ್ನೋದು ಅವರ ಮಾತು.

ಹಾಗಾಗಿ ಹಾಳೆಯಲ್ಲಿ ಮುಂದೆ ಏನೇನು ಬದಲಾಗಬಹುದು ಅಂತ ಬರೆಯಿರಿ. ದರದ ಪಟ್ಟಿ ಬದಲಾಗುವುದು ಗ್ಯಾರಂಟಿ. ಫೈಲಿನಲ್ಲಿರುವ ಲೆಕ್ಕ ಡೇಟಾಬೇಸಿಗೆ ಹೋಗಬಹುದು. ಕಾಗದದ ಚೀಟಿ ಮೊಬೈಲಿಗೆ ಬರಬಹುದು. ಸರಿ, ಮೂರು ಮಾಡ್ಯೂಲ್ ಆಯಿತು.

ಈಗ ಪ್ರತಿ ಮಾಡ್ಯೂಲ್ ಹೊರಗಿನವರಿಗೆ ಏನು ತೋರಿಸುತ್ತದೆ ಅಂತ ಬರೆಯಿರಿ. ದರದ ಮಾಡ್ಯೂಲಿಗೆ ಒಂದೇ ಫಂಕ್ಷನ್ ಸಾಕು: ದರ(ಹಾಲಿನ_ಬಗೆ, ಫ್ಯಾಟ್, ಎಸ್ಎನ್ಎಫ್, ದಿನಾಂಕ). ದಿನಾಂಕ ಯಾಕೆ? ಒಂದನೇ ತಾರೀಕು ದರ ಏರಿತು, ಮೂರನೇ ತಾರೀಕು ಯಾರೋ ಬಂದು ಹೋದ ವಾರದ ಎಂಟ್ರಿ ತಪ್ಪಾಗಿದೆ ಅಂತಾರೆ, ಅದನ್ನು ತಿದ್ದುವಾಗ ಹಳೇ ದರವೇ ಸಿಗಬೇಕಲ್ವಾ? ಹಾಳೆಯಲ್ಲಿ ಇದು ಒಂದು ಪದ ಸೇರಿಸುವ ಕೆಲಸ. ಕೋಡ್ ಆದಮೇಲೆ ಹೊಳೆದರೆ ಆ ಫಂಕ್ಷನ್ ಕರೆದ ಕಡೆಯೆಲ್ಲ ಹುಡುಕಿಕೊಂಡು ಹೋಗಬೇಕು.

ಇಷ್ಟರವರೆಗೆ ಕ್ಲಾಸ್, ಅಂದರೆ ಡೇಟಾ ಮತ್ತು ಅದನ್ನು ಮುಟ್ಟುವ ಫಂಕ್ಷನ್‌ಗಳನ್ನು ಒಟ್ಟಿಗೆ ಕಟ್ಟಿದ ಅಚ್ಚು, ಬೇಕಾಗಿಲ್ಲ. ಬೇಕಾಗುವುದು ಸದಸ್ಯರ ಖಾತೆಗೆ. ಒಂದೇ ಥರದ ಖಾತೆ ನೂರಾರು, ಪ್ರತಿಯೊಂದಕ್ಕೂ ತನ್ನದೇ ಬಾಕಿ, ಪಶು ಆಹಾರದ ಕಡಿತ, ಅದನ್ನು ಹೊರಗಿನಿಂದ ಯಾರೂ ನೇರವಾಗಿ ಮುಟ್ಟಬಾರದು. ಇಲ್ಲಿ ಖಾತೆ ಅನ್ನೋ ಕ್ಲಾಸ್ ಮಾಡಿ. ಆದರೆ ಅಷ್ಟಕ್ಕೇ ನಿಲ್ಲಿಸಿ. ಸದಸ್ಯ ಅಂತೊಂದು ಕ್ಲಾಸ್ ಮಾಡಿ, ಅದರಿಂದ ಹಸು ಸದಸ್ಯ, ಎಮ್ಮೆ ಸದಸ್ಯ ಅಂತ ಇನ್‌ಹೆರಿಟ್ ಮಾಡುವ (ಅದರಲ್ಲಿರುವುದನ್ನೆಲ್ಲ ಪಡೆದುಕೊಳ್ಳುವ ಮರಿ ಕ್ಲಾಸ್ ಕಟ್ಟುವ) ಆಸೆ ಬರುತ್ತದೆ, ಆಮೇಲೆ ಎರಡೂ ಸಾಕಿರುವ ಮನೆಯವರು ಎರಡು ಕ್ಯಾನ್ ಹಿಡಿದು ಬರುತ್ತಾರೆ. ಬಗೆ ಇರುವುದು ಹಾಲಿಗೆ, ಸದಸ್ಯರಿಗಲ್ಲ.

ಭಾಷೆಯ ಚಿಂತೆ ಬೇಡ. ಸಿ ಭಾಷೆಯಲ್ಲಿ ಕ್ಲಾಸೇ ಇಲ್ಲ, ಆದರೂ ಲಿನಕ್ಸ್ ಕರ್ನಲ್ (ಆ ಆಪರೇಟಿಂಗ್ ಸಿಸ್ಟಮಿನ ತಿರುಳು) ಸ್ಟ್ರಕ್ಟ್ ಅನ್ನೋ ಡೇಟಾ ಕಟ್ಟಿನ ಒಳಗೆ ಫಂಕ್ಷನ್ ಪಾಯಿಂಟರ್ (ಫಂಕ್ಷನ್ ಎಲ್ಲಿದೆ ಅಂತ ತೋರಿಸುವ ವಿಳಾಸ) ಇಟ್ಟುಕೊಂಡು ಹೆಚ್ಚುಕಡಿಮೆ ಅದೇ ಕೆಲಸ ಮಾಡುತ್ತದೆ.

ಕೊನೆಗೆ, ಪಟ್ಟಿಯಲ್ಲಿರುವ ಒಂದೊಂದು ಬದಲಾವಣೆ ಹಿಡಿದು ಎಷ್ಟು ಮಾಡ್ಯೂಲ್ ತಿದ್ದಬೇಕು ಅಂತ ಎಣಿಸಿ. ಒಂದಕ್ಕಿಂತ ಜಾಸ್ತಿ ಬಂದರೆ ಮಾಡ್ಯೂಲ್‌ಗಳ ನಡುವಿನ ಗೆರೆ ಅಳಿಸಿ ಬೇರೆ ಕಡೆ ಎಳೆಯಿರಿ.