ಒತ್ತಾಯವಿಲ್ಲದ ಉಪಚಾರ: ಹಬ್ಬದ ದಿನಗಳಲ್ಲಿ ಹೃದಯ ಕಾಯುವ ಬಗೆ

ದಸರೆಯಿಂದ ಸಂಕ್ರಾಂತಿಯವರೆಗೆ ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಎರಡು ನಾಡುಗಳ ತಿಂಡಿಗಳು ಒಟ್ಟಿಗೆ ಸೇರುತ್ತವೆ. ನಮ್ಮ ಹೋಳಿಗೆ, ಕರ್ಜಿಕಾಯಿ, ಚಕ್ಕುಲಿಗಳ ಜೊತೆಗೆ ನೆರೆಮನೆಯಿಂದ ಶಂಕರಪಾಳಿ, ಅನಾರಸೆ, ಚಿವಡಾ ತುಂಬಿದ ಫರಾಳದ ತಟ್ಟೆ ಬರುತ್ತದೆ. ಬಂದ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸುವ ರೂಢಿ ಎರಡೂ ಕಡೆ ಇಲ್ಲ. ಪ್ರೀತಿ, ಗೌರವ, ಋಣ ಎಲ್ಲವನ್ನೂ ನಾವು ತುಪ್ಪ ಸಕ್ಕರೆಗಳ ಮೂಲಕವೇ ಹೇಳುತ್ತ ಬಂದಿದ್ದೇವೆ. ಆದರೆ 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ, ಹೃದಯಾಘಾತದ ಕಾರಣಗಳನ್ನು ಹುಡುಕಿದ ಇಂಟರ್‌ಹಾರ್ಟ್ ಅಧ್ಯಯನದ ಮಾಹಿತಿಯ ಮುಂದಿನ ವಿಶ್ಲೇಷಣೆಯು, ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವು ಇತರರಿಗಿಂತ ಸುಮಾರು ಐದಾರು ವರ್ಷ ಮೊದಲೇ ಆಗುತ್ತದೆ ಎಂದು ತೋರಿಸಿದೆ. ಆದ್ದರಿಂದ ಕೃತಜ್ಞತೆಯನ್ನು ಉಳಿಸಿಕೊಂಡು, ಅದನ್ನು ಹೇಳುವ ದಾರಿಯನ್ನು ಸ್ವಲ್ಪ ಬದಲಿಸಬೇಕಾಗಿದೆ.

ಸಾಮಾನು ತರುವ ಮುನ್ನ

ಕೆಲಸ ಆರಂಭವಾಗಬೇಕಾದುದು ಒಲೆಯ ಮುಂದೆ ಅಲ್ಲ, ಕಿರಾಣಿ ಚೀಟಿಯ ಮುಂದೆ. ಯಾವ ತಿಂಡಿಯನ್ನು ಯಾರಿಗಾಗಿ ಮಾಡುತ್ತೇವೆ, ಎಷ್ಟು ಮನೆಗಳಿಗೆ ಹಂಚುತ್ತೇವೆ ಎಂಬುದನ್ನು ಬರೆದುಕೊಂಡು, ಅಷ್ಟಕ್ಕೆ ಬೇಕಾದ ಹಿಟ್ಟು, ಎಣ್ಣೆ, ಬೆಲ್ಲವನ್ನು ಮಾತ್ರ ತರಬೇಕು. ಹಬ್ಬ ಮುಗಿದ ಮೇಲೂ ವಾರಗಟ್ಟಲೆ ಡಬ್ಬಿಯಲ್ಲಿ ಉಳಿಯುವ ತಿಂಡಿಯೇ ಸಂಜೆ ಚಹಾದ ಜೊತೆ ಲೆಕ್ಕವಿಲ್ಲದೆ ಒಳಗೆ ಹೋಗುತ್ತದೆ. ಕರಿದ ತಿಂಡಿಗಳಲ್ಲಿ ಎರಡು ಬಗೆ, ಸಿಹಿಯಲ್ಲಿ ಒಂದು ಬಗೆ ಸಾಕು ಎಂದು ಮನೆಯವರೆಲ್ಲ ಕೂಡಿ ತೀರ್ಮಾನಿಸಿದರೆ, ಅಡುಗೆ ಮಾಡುವವರ ದಣಿವೂ ಕಡಿಮೆಯಾಗುತ್ತದೆ.

ಎಣ್ಣೆಯ ವಿಚಾರ

ಇಲ್ಲಿ ಹೆಚ್ಚಿನ ಎಚ್ಚರ ಬೇಕು. ವನಸ್ಪತಿಯನ್ನು, ಅಂದರೆ ಡಾಲ್ಡಾದಂಥ ಗಟ್ಟಿಮಾಡಿದ ಎಣ್ಣೆಯನ್ನು, ಮನೆಗೆ ತರದಿರುವುದೇ ಒಳ್ಳೆಯದು. ಎಣ್ಣೆ ಮತ್ತು ಕೊಬ್ಬುಗಳಲ್ಲಿ, ಹೃದಯಕ್ಕೆ ಕೆಡುಕಾದ ಟ್ರಾನ್ಸ್ ಕೊಬ್ಬು ಶೇ 2ನ್ನು ಮೀರಬಾರದೆಂಬ ನಿಯಮ ದೇಶದಲ್ಲಿ 2022ರಿಂದ ಇದ್ದರೂ, ವನಸ್ಪತಿಯಲ್ಲಿ ಪರ್ಯಾಪ್ತ ಕೊಬ್ಬು (ಸ್ಯಾಚುರೇಟೆಡ್ ಫ್ಯಾಟ್) ಇದ್ದೇ ಇರುತ್ತದೆ; ಅದು ಕೆಟ್ಟ ಕೊಲೆಸ್ಟರಾಲನ್ನು ಏರಿಸುತ್ತದೆ. ತೆಂಗಿನೆಣ್ಣೆಯಲ್ಲಿ ಪರ್ಯಾಪ್ತ ಕೊಬ್ಬು ಶೇ 80ಕ್ಕಿಂತಲೂ ಹೆಚ್ಚು, ತುಪ್ಪದಲ್ಲಿ ಅರ್ಧಕ್ಕಿಂತಲೂ ಹೆಚ್ಚು. ಕರಾವಳಿಯಿಂದ ಬಂದವರಿಗೆ ಈ ಮಾತು ಹಿತವೆನಿಸದಿರಬಹುದು, ಆದರೂ ಹೇಳಲೇಬೇಕಾಗಿದೆ. ದಿನದ ಅಡುಗೆಗೆ ಶೇಂಗಾ, ಸಾಸಿವೆ ಅಥವಾ ಅಕ್ಕಿ ತೌಡಿನ ಎಣ್ಣೆಯನ್ನು ಬಳಸಿ, ತುಪ್ಪವನ್ನು ಹೋಳಿಗೆಯ ಮೇಲಿನ ಒಂದು ಚಮಚಕ್ಕೆ ಮೀಸಲಿಡಬಹುದು.

ಚಿವಡಾಕ್ಕೆ ತೆಳು ಅವಲಕ್ಕಿಯನ್ನು ಕರಿಯದೆ, ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಗರಿಗರಿಯಾಗುವವರೆಗೆ ಹುರಿಯಬೇಕು. ಶೇಂಗಾ, ಪುಟಾಣಿಗಳನ್ನು ಬೇರೆಯಾಗಿ ಹುರಿದುಕೊಂಡು, ಕೊನೆಗೆ ಎರಡು ಚಮಚ ಎಣ್ಣೆಯಲ್ಲಿ ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ, ಅರಿಸಿನಗಳ ಒಗ್ಗರಣೆ ಕೊಟ್ಟು ಕಲಸಿದರೆ, ರುಚಿಯಲ್ಲಿ ಕೊರತೆಯಾಗುವುದಿಲ್ಲ. ಚಕ್ಕುಲಿಯನ್ನು ಮಾತ್ರ ಕರಿಯಲೇಬೇಕೆಂದರೆ ಕರಿಯೋಣ; ಆದರೆ ಎಣ್ಣೆ ಹೊಗೆಯಾಡುವಷ್ಟು ಕಾಯಬಾರದು, ಕಪ್ಪಾಗಿ ನೊರೆಯೇಳುವ ಎಣ್ಣೆಯನ್ನು ಮತ್ತೆ ಒಲೆಗೆ ಇಡಬಾರದು.

ಉಪ್ಪು ಮತ್ತು ಸಿಹಿ

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಯಸ್ಕರಿಗೆ ದಿನವೊಂದಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು, ಅಂದರೆ ಒಂದು ಸಣ್ಣ ಚಮಚಕ್ಕಿಂತ ಕಡಿಮೆ. ಉಪ್ಪಿನಕಾಯಿ, ಹಪ್ಪಳ, ಫರಸಾಣ ಎಂಬ ಖಾರದ ಕುರುಕಲು ತಿಂಡಿಗಳು ಒಂದೇ ಊಟದಲ್ಲಿ ಸೇರಿದರೆ ಆ ಮಿತಿ ಬೇಗ ಮುಗಿಯುತ್ತದೆ. ಆದ್ದರಿಂದ ಹಬ್ಬದ ಎಲೆಯಲ್ಲಿ ಅವುಗಳಲ್ಲಿ ಒಂದನ್ನು ಮಾತ್ರ ಬಡಿಸುವುದು ಒಳಿತು. ಸೋಡಿಯಂ ಕಡಿಮೆ ಮಾಡಲೆಂದು ಪೊಟ್ಯಾಸಿಯಂ ಬೆರೆಸಿದ ಉಪ್ಪನ್ನು, ಮೂತ್ರಪಿಂಡದ ತೊಂದರೆ ಇರುವವರು ಮತ್ತು ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಬಳಸಬಾರದು. ಬೆಲ್ಲ ಸಕ್ಕರೆಗಿಂತ ಬಹಳ ಹಗುರ ಎಂಬ ನಂಬಿಕೆ ಸರಿಯಲ್ಲ. ಎರಡರ ಕ್ಯಾಲೊರಿಯೂ ಹೆಚ್ಚುಕಡಿಮೆ ಒಂದೇ.

ಎಲೆಯ ಮುಂದೆ

ಮೊದಲು ಕೋಸಂಬರಿ, ಪಲ್ಯ, ಸಾರು, ಆಮೇಲೆ ಅನ್ನ, ಹೋಳಿಗೆ ಕೊನೆಗೆ, ಒಂದೇ. ಹೆಸರುಬೇಳೆಯ ಕೋಸಂಬರಿಯಂಥ ಪದಾರ್ಥ ನಮ್ಮ ಹಬ್ಬದ ಊಟದಲ್ಲಿ ಮೊದಲಿನಿಂದಲೂ ಇದೆ. ಅದರ ಪಾಲನ್ನು ದೊಡ್ಡದು ಮಾಡಿದರೆ ಸಾಕು. ಮೀನು ತಿನ್ನುವವರು ಬಂಗುಡೆ, ಬೂತಾಯಿಗಳನ್ನು ಕರಿಯದೆ ಸಾರಿನಲ್ಲಿ ಬೇಯಿಸಿಕೊಳ್ಳಬಹುದು. ಇವುಗಳಲ್ಲಿ ಹೃದಯಕ್ಕೆ ಹಿತವಾದ ಒಮೆಗಾ-3 ಕೊಬ್ಬು ಹೇರಳವಾಗಿದೆ. ಲೋಕಲ್ ರೈಲು ಹಿಡಿದು ರಾತ್ರಿ ಹತ್ತಕ್ಕೆ ಮನೆ ಸೇರುವವರು ಹಬ್ಬದ ಊಟವನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು. ಡಿಸೆಂಬರ್ 31ರ ರಾತ್ರಿ ಮಿತಿಮೀರಿ ಕುಡಿದರೆ, ಹೃದ್ರೋಗವಿಲ್ಲದವರಲ್ಲಿಯೂ ಎದೆಬಡಿತ ತಾಳ ತಪ್ಪಬಹುದು. ಹಬ್ಬದ ಗಡಿಬಿಡಿಯಲ್ಲಿ ಎದೆ ಹಿಂಡಿದಂತಾಗಿ, ಬೆವರು ಬಂದು, ನೋವು ತೋಳಿಗೋ ದವಡೆಗೋ ಹರಿದರೆ ಅದನ್ನು ಗ್ಯಾಸ್ ಎಂದು ತಳ್ಳಿಹಾಕದೆ ಕೂಡಲೇ 108ಕ್ಕೆ ಕರೆ ಮಾಡಬೇಕು.

ಕೊಡುವುದು, ನೆನೆಯುವುದು

ಅತಿಥಿಗೆ 'ಇನ್ನೊಂದು ಹಾಕಿಸಿಕೊಳ್ಳಿ' ಎಂದು ಒಂದು ಸಲ ಕೇಳುವುದು ಉಪಚಾರ. ಬೇಡವೆಂದ ಮೇಲೂ ಬಡಿಸುವುದು, ಅದರಲ್ಲಿಯೂ ಸ್ಟೆಂಟ್ ಹಾಕಿಸಿಕೊಂಡ ಹಿರಿಯರ ಎಲೆಗೆ ಬಡಿಸುವುದು, ಪ್ರೀತಿಯೆಂದು ನಾನು ಒಪ್ಪುವುದಿಲ್ಲ. ಸೊಸೈಟಿಯ ಕಾವಲುಗಾರನಿಗೆ, ಮನೆಗೆಲಸದಾಕೆಗೆ, ಡಬ್ಬಾವಾಲಾನಿಗೆ ಮಿಠಾಯಿ ಪೊಟ್ಟಣದ ಬದಲು ಹಣ್ಣು, ಬಾದಾಮಿ, ಖರ್ಜೂರಗಳ ಜೊತೆಗೆ ದೀಪಾವಳಿಯ ಹಣವನ್ನು ಕೊಡೋಣ. ಅವರ ಹೃದಯವೂ ನಮ್ಮದರಷ್ಟೇ ಮುಖ್ಯ.

ಕೃತಜ್ಞತೆಯನ್ನು ಬರೆದಿಡುವುದರಿಂದ ಮನಸ್ಸಿಗೆ ಆಗುವ ಲಾಭವನ್ನು ಎಮನ್ಸ್ ಮತ್ತು ಮ್ಯಾಕಲೊ ಎಂಬ ಮನಶ್ಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕಂಡರು. ಅದು ಮಾತ್ರೆಗೆ ಬದಲಿಯಲ್ಲ, ಆದರೆ ಹಬ್ಬದ ಒತ್ತಡವನ್ನು ಇಳಿಸಲು ನೆರವಾಗುತ್ತದೆ. ವಾರಕ್ಕೊಮ್ಮೆ, ಊಟಕ್ಕೆ ಮುನ್ನ, ಮನೆಯ ಪ್ರತಿಯೊಬ್ಬರೂ ಆ ವಾರ ತಮಗೆ ನೆರವಾದ ಒಬ್ಬರ ಹೆಸರನ್ನೂ ಅವರು ಮಾಡಿದ ಕೆಲಸವನ್ನೂ ಒಂದೇ ವಹಿಯಲ್ಲಿ ಬರೆಯಲಿ. 'ಎಲ್ಲರಿಗೂ ಧನ್ಯವಾದ' ಎಂಬಂಥ ಸಾಲು ಬೇಡ; 'ಮಳೆಯಲ್ಲಿ ಮಗಳನ್ನು ಕ್ಲಾಸಿನಿಂದ ಕರೆತಂದ ಮೂರನೆಯ ಮಾಳಿಗೆಯ ಮಾವಶಿ' ಎಂಬಷ್ಟು ಸ್ಪಷ್ಟವಾಗಿರಲಿ. ಬನ್ನಿ ಕೊಡುವಾಗ, ಎಳ್ಳು ಬೆಲ್ಲ ಕೊಡುವಾಗ ಆ ವಹಿಯನ್ನು ತೆರೆದು ನೋಡಿ, ಅದರಲ್ಲಿರುವವರ ಮನೆಗೆ ಮೊದಲು ನಡೆದೇ ಹೋಗಿ, ಅವರು ಮಾಡಿದ ಉಪಕಾರವನ್ನು ಅವರೆದುರಿಗೇ ಹೇಳಬೇಕು. ಎಳ್ಳು ಬೆಲ್ಲ ಒಂದು ಚಿಟಿಕೆಯಷ್ಟಿದ್ದರೆ ಸಾಕು.